ಬಳ್ಳಾರಿಯಲ್ಲಿ ಮೇಕಪ್ ಸಾಮಾನು ಕೊಳ್ಳುವುದು ಹೇಗೆ? ಮೊದಲು ಡಬ್ಬಿ ತಿರುಗಿಸಿ ನೋಡಿ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಮ್ಮೂರವರೇ ತಮಾಷೆ ಮಾಡುತ್ತಾರೆ. ಲಿಪ್‌ಸ್ಟಿಕ್, ಸನ್‌ಸ್ಕ್ರೀನ್, ಫೌಂಡೇಶನ್ ಕೊಳ್ಳುವವರಿಗೆ ಇದು ತಮಾಷೆಯ ಮಾತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕ್ರೀಮ್ ಡಬ್ಬಿಗಳ ಮೇಲೋ ತಂಪಾದ ಜಾಗದಲ್ಲಿಡಿ ಎಂದು ಬರೆದಿರುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್ ಯಾವ ಗೋಡೌನ್‌ನಲ್ಲಿ, ಯಾವ ವ್ಯಾನ್‌ನಲ್ಲಿ ಎಷ್ಟು ಹೊತ್ತು ಬೆಂದಿದೆ ಅಂತ ಯಾರಿಗೆ ಗೊತ್ತು? ಊರಿನ ಅಂಗಡಿಯಲ್ಲಾದರೆ ಮಾಲನ್ನು ಎಲ್ಲಿಟ್ಟಿದ್ದಾರೆ ಎಂದು ಕಣ್ಣಾರೆ ನೋಡಬಹುದು. ಮೈಬಣ್ಣಕ್ಕೆ ಹೊಂದುತ್ತದಾ ಎಂದು ಹಚ್ಚಿ ನೋಡಬಹುದು. ಹೆಚ್ಚುಕಡಿಮೆ ಆದರೆ ಮರುದಿನ ಹೋಗಿ ಕೇಳಬಹುದು. ಇದ್ಯಾವುದನ್ನೂ ಮಾಡದೆ, ಕೌಂಟರಿನವರು ಕೊಟ್ಟಿದ್ದನ್ನು ಸುಮ್ನೆ ಚೀಲಕ್ಕೆ ಹಾಕಿಕೊಂಡು ಬರುವುದಾದರೆ ಬಿಸಿಲಲ್ಲಿ ಪೇಟೆಗೆ ಹೋಗುವ ಕಷ್ಟ ಯಾಕೆ ಹೇಳಿ.

ಮನೆ ಬಿಡುವ ಮೊದಲು

ಇರುವುದನ್ನೆಲ್ಲ ಒಮ್ಮೆ ಹಾಸಿಗೆಯ ಮೇಲೆ ಸುರುವಿ ನೋಡಿ. ಮುಗಿದಿದ್ದು ಯಾವುದು, ಅವಧಿ ದಾಟಿದ್ದು ಯಾವುದು ಅಂತ ಬೇರೆ ಮಾಡಿ. ಅದೇ ವಸ್ತು ಮತ್ತೆ ಬೇಕಿದ್ದರೆ ಹಳೆಯ ಡಬ್ಬಿಯನ್ನೇ ಒಯ್ಯಿರಿ, ಇಲ್ಲವೇ ಅದರ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ಒಂದೇ ಕಂಪನಿಯಲ್ಲಿ ಒಂದೇ ರೀತಿ ಕಾಣುವ ಹತ್ತಾರು ಶೇಡ್ ಇರುತ್ತವೆ. "ಆ ಪಿಂಕ್ ಡಬ್ಬೀದು" ಎಂದರೆ ಅಂಗಡಿಯವರಿಗೂ ತಿಳಿಯುವುದಿಲ್ಲ.

ಫೌಂಡೇಶನ್ ಅಥವಾ ಕಾಂಪ್ಯಾಕ್ಟ್ ಕೊಳ್ಳುವುದಿದ್ದರೆ ಮುಖಕ್ಕೆ ಏನೂ ಹಚ್ಚದೆ ಹೋಗಿ. ಪರ್ಸಿನಲ್ಲಿ ಚಿಕ್ಕ ಕನ್ನಡಿ, ಸ್ವಲ್ಪ ಟಿಶ್ಯೂ ಇರಲಿ. ಬೆಳಿಗ್ಗೆ ಅಂಗಡಿ ತೆರೆದ ಮೇಲಿನ ಒಂದೆರಡು ಗಂಟೆಯೇ ಒಳ್ಳೆಯ ಹೊತ್ತು. ಬೆಳಕಿರುತ್ತದೆ, ಜನ ಕಡಿಮೆ, ಕೇಳಿದ್ದಕ್ಕೆ ಉತ್ತರ ಕೊಡುವ ತಾಳ್ಮೆ ಅಂಗಡಿಯವರಿಗೂ ಇರುತ್ತದೆ. ಸಂಜೆ ಏಳರ ಮೇಲೆ ಬೆಂಗಳೂರು ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಗಡಿಯೊಳಗಿನ ಬಿಳಿ ಲೈಟಿನ ಕೆಳಗೆ ಎಲ್ಲ ಶೇಡೂ ಚೆನ್ನಾಗಿಯೇ ಕಾಣುತ್ತವೆ.

ಯಾವುದಕ್ಕೆ ಯಾವ ಅಂಗಡಿ

ಎಲ್ಲವನ್ನೂ ಒಂದೇ ಕಡೆ ಮುಗಿಸುವ ಆಸೆ ಬಿಡಿ. ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ, ತೇರು ಬೀದಿ ಸುತ್ತಮುತ್ತ ನಡೆದರೆ ಬೇಕಾದ್ದೆಲ್ಲ ಸಿಗುತ್ತದೆ. ಆದರೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಸಾಮಾನು ಚೆನ್ನಾಗಿರುತ್ತದೆ.

ಫ್ಯಾನ್ಸಿ ಸ್ಟೋರ್‌ನಲ್ಲಿ ಕ್ಲಿಪ್, ಬಳೆ, ಸ್ಟಿಕ್ಕರ್, ಉಗುರು ಬಣ್ಣ, ಸೇಫ್ಟಿ ಪಿನ್ ಕೊಳ್ಳಿ. ಅಲ್ಲಿ ಆಯ್ಕೆ ಜಾಸ್ತಿ, ಬೆಲೆ ಕಡಿಮೆ. ಕಣ್ಣಿಗೆ, ತುಟಿಗೆ, ಮುಖಕ್ಕೆ ಹಚ್ಚುವಂಥದ್ದನ್ನು ಮಾತ್ರ ಕಂಪನಿಯ ಏಜೆನ್ಸಿಯಿಂದ ನೇರವಾಗಿ ಮಾಲು ತರಿಸುವ ಅಂಗಡಿಯಲ್ಲೇ ತೆಗೆದುಕೊಳ್ಳಿ. "ಇದು ಏಜೆನ್ಸಿ ಮಾಲಾ, ಹೊರಗಿನ ಮಾಲಾ?" ಎಂದು ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವ್ಯಾಪಾರದಲ್ಲಿ ಅದು ದಿನಾ ಕೇಳುವ ಮಾತು. ಒಳ್ಳೆಯ ಅಂಗಡಿಯವರು ತಾವಾಗಿಯೇ "ಇದು ಫಸ್ಟ್ ಕಾಪಿ ಅಕ್ಕಾ, ಒರಿಜಿನಲ್ ಬೇಕಂದ್ರ ಆ ಕಪಾಟಿನಾಗ ಐತಿ" ಎಂದು ಹೇಳಿಬಿಡುತ್ತಾರೆ. ಫಸ್ಟ್ ಕಾಪಿ ಅಂದರೆ ಚೆಂದದ ಹೆಸರಿಟ್ಟ ನಕಲಿ, ಅಷ್ಟೇ. ಕೈಚೀಲದಲ್ಲಿ ಅದು ನಡೆದೀತು, ತುಟಿಗೆ ಬೇಡ.

ಸನ್‌ಸ್ಕ್ರೀನ್, ಮೊಡವೆಯ ಫೇಸ್‌ವಾಶ್, ಒಣ ಚರ್ಮದ ಮಾಯಿಶ್ಚರೈಸರ್‌ಗೆ ಮೆಡಿಕಲ್ ಶಾಪ್ ಒಳ್ಳೆಯದು. ಅಲ್ಲಿ ಮಾಲು ಬೇಗ ಖಾಲಿಯಾಗುತ್ತದೆ, ಬಿಲ್ ಕೇಳದೆಯೇ ಸಿಗುತ್ತದೆ. ಸೀಗೆಕಾಯಿ, ಅಂಟುವಾಳ, ಮುಲ್ತಾನಿ ಮಿಟ್ಟಿಗೆ ಗ್ರಂಥಿಗೆ ಅಂಗಡಿಗೆ ಹೋಗಿ. ಪಾರ್ಲರ್ ನಡೆಸುವವರು ವ್ಯಾಕ್ಸ್, ಬ್ಲೀಚ್, ಫೇಶಿಯಲ್ ಕಿಟ್ ತರುವ ಹೋಲ್‌ಸೇಲ್ ಅಂಗಡಿಗಳೂ ಊರಲ್ಲಿವೆ. ಆದರೆ ಮನೆ ಬಳಕೆಗೆ ಅಲ್ಲಿನ ಒಂದು ಕೆಜಿ ಡಬ್ಬಿ ತರಬೇಡಿ. ಅದು ಮುಗಿಯುವ ಮೊದಲೇ ಕೆಡುತ್ತದೆ. ಮದುವೆ ಮನೆಗೆ ಮೂರ್ನಾಲ್ಕು ಜನ ಸೇರಿ ತಂದು ಹಂಚಿಕೊಳ್ಳುವುದಾದರೆ ಸರಿ.

ಯಾವ ಅಂಗಡಿಯೇ ಆಗಲಿ, ಒಳಗೆ ಕಾಲಿಡುವ ಮುಂಚೆ ಶೋಕೇಸ್ ನೋಡಿ. ಬಿಸಿಲು ನೇರವಾಗಿ ಬೀಳುವ ಗಾಜಿನ ಹಿಂದೆ ತಿಂಗಳುಗಟ್ಟಲೆ ನಿಂತ ಕ್ರೀಮಿನ ಸಾಲು ಕಂಡರೆ ಅಲ್ಲಿಂದ ತೆಗೆದ ಪೀಸ್ ಬೇಡ ಎನ್ನಿ. "ಒಳಗಿಂದ ಕೊಡಿ" ಎಂದರೆ ಸಾಕು, ಕೊಡುತ್ತಾರೆ.

ಡಬ್ಬಿ ತಿರುಗಿಸಿ

ಮುಂಬದಿಯಲ್ಲಿ ಇರುವುದು ಜಾಹೀರಾತು. ಕೆಲಸಕ್ಕೆ ಬರುವ ಮಾಹಿತಿ ಇರುವುದು ಹಿಂದೆ, ಅದೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, ಅದರಡಿ ಬಂದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನೊಳಗೆ ಬಳಸಬೇಕು ಎಂಬ ತಿಂಗಳು ಮತ್ತು ವರ್ಷ ಇರಬೇಕು. ಹೊರದೇಶದ ಮಾಲಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ ಮತ್ತು ಆರ್‌ಸಿ ಎಂದು ಶುರುವಾಗುವ ನೋಂದಣಿ ನಂಬರ್ ಬೇಕು. "ದುಬೈ ಮಾಲು", "ಬ್ಯಾಂಕಾಕ್ ಮಾಲು" ಎಂದು ಹೇಳಿ ಕೊಡುವ ಡಬ್ಬಿಯ ಮೇಲೆ ಭಾರತದ ವಿಳಾಸವೇ ಇಲ್ಲ ಎಂದರೆ ಅದು ಯಾರದೋ ಸೂಟ್‌ಕೇಸಿನಲ್ಲಿ ಬಂದಿರಬೇಕು, ಇಲ್ಲವೇ ಎಲ್ಲೋ ಹಿತ್ತಲಲ್ಲಿ ತುಂಬಿದ್ದಿರಬೇಕು. ಎರಡರಲ್ಲಿ ಯಾವುದಾದರೂ ಬೇಡ. ತೀರ ಚಿಕ್ಕ ಪ್ಯಾಕಿನ ಮೇಲೆ ಒಳಗೇನಿದೆ ಎಂಬ ಪಟ್ಟಿ ಇಲ್ಲದಿರಬಹುದು. ತಯಾರಕರ ಹೆಸರು, ಬ್ಯಾಚ್ ನಂಬರ್ ಇಲ್ಲದಿದ್ದರೆ ಮಾತ್ರ ವಾಪಸ್ ಇಡಿ.

ಇನ್ನೊಂದು ಪುಟ್ಟ ಚಿತ್ರ ಹುಡುಕಿ. ಮುಚ್ಚಳ ತೆರೆದ ಡಬ್ಬಿಯ ಆಕಾರ, ಅದರೊಳಗೆ 6 ಎಂ ಅಥವಾ 12 ಎಂ ಎಂದಿರುತ್ತದೆ. ತೆರೆದ ಮೇಲೆ ಆರು ತಿಂಗಳು, ಹನ್ನೆರಡು ತಿಂಗಳು ಬಳಸಬಹುದು ಅಂತ ಅರ್ಥ. ಮಸ್ಕಾರಾ ತೆರೆದ ಮೇಲೆ ಮೂರರಿಂದ ಆರು ತಿಂಗಳಲ್ಲಿ ಬಿಸಾಡಬೇಕು, ಉಳಿದಿದ್ದರೂ ಸರಿ. ನಿಮ್ಮದು ಅಪರೂಪದ ಬಳಕೆಯಾದರೆ ದೊಡ್ಡ ಪ್ಯಾಕ್ ಲಾಭ ಎಂಬ ಲೆಕ್ಕ ಹಾಕಲೇಬೇಡಿ.

ಅಸಲಿಯೋ ನಕಲಿಯೋ

ನಕಲಿ ಎಂದರೆ ದುಬಾರಿ ಲಿಪ್‌ಸ್ಟಿಕ್ ಮಾತ್ರ ಅಂದುಕೊಳ್ಳಬೇಡಿ. 1916ರಿಂದ ನಮ್ಮ ರಾಜ್ಯದ್ದೇ ಆದ ಮೈಸೂರು ಸ್ಯಾಂಡಲ್ ಸೋಪಿನ ನಕಲಿ ತಯಾರಿಸುತ್ತಿದ್ದ ಘಟಕದ ಮೇಲೆ 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ದಾಳಿ ಆಯಿತು. ಸಾಮಾನ್ಯ ಬೆಲೆಯ, ಎಲ್ಲರೂ ಕೊಳ್ಳುವ ವಸ್ತುವಿಗೇ ನಕಲಿ ಕಾಟ ಜಾಸ್ತಿ.

ಹೊರಗಿನ ರಟ್ಟಿನ ಪೆಟ್ಟಿಗೆ ಮತ್ತು ಒಳಗಿನ ಟ್ಯೂಬಿನ ಬ್ಯಾಚ್ ನಂಬರ್ ಹೋಲಿಸಿ. ಎರಡೂ ಒಂದೇ ಇರಬೇಕು. ಆಮೇಲೆ ಆ ನಂಬರ್ ಹೇಗೆ ಬಿದ್ದಿದೆ ಗಮನಿಸಿ. ಅಸಲಿಯಲ್ಲಿ ಬ್ಯಾಚ್ ಮತ್ತು ದಿನಾಂಕವನ್ನು ಸಾಮಾನ್ಯವಾಗಿ ಕೊನೆಗೆ ಬೇರೆಯಾಗಿ ಒತ್ತಿರುತ್ತಾರೆ. ಸ್ವಲ್ಪ ಓರೆಯಾಗಿರಬಹುದು, ಚುಕ್ಕಿ ಚುಕ್ಕಿಯಾಗಿರಬಹುದು. ಉಳಿದ ಅಕ್ಷರಗಳ ಜೊತೆಗೇ, ಅದೇ ಶಾಯಿಯಲ್ಲಿ ದಿನಾಂಕವೂ ಅಚ್ಚಾಗಿದ್ದರೆ ಅನುಮಾನ ಪಡಿ. ಸ್ಪೆಲಿಂಗ್ ತಪ್ಪು, ಹೆಸರಿನಲ್ಲಿ ಒಂದಕ್ಷರ ಅದಲುಬದಲು, ಸಡಿಲ ಮುಚ್ಚಳ, ಮೂಗಿಗೆ ಹೊಡೆಯುವ ಸೆಂಟು, ಇವು ಹಳೆಯ ಗುರುತುಗಳು. ಇಂದಿಗೂ ಕೆಲಸಕ್ಕೆ ಬರುತ್ತವೆ. ಬಾರ್‌ಕೋಡ್ ಇದೆ ಎಂದು ನಂಬಬೇಡಿ, ಅದನ್ನೂ ಹಾಗೇ ನಕಲು ಮಾಡಬಹುದು.

ಬಿಸಿಲಿಗೆ ಕೆಟ್ಟ ಅಸಲಿ ಮಾಲನ್ನೂ ಗುರುತಿಸಬೇಕು. ಲಿಪ್‌ಸ್ಟಿಕ್ ಮೇಲೆ ಬೆವರಿದ ಹಾಗೆ ಎಣ್ಣೆಯ ಹನಿ ನಿಂತಿರುತ್ತದೆ, ಇಲ್ಲವೇ ಕರಗಿ ಮತ್ತೆ ಗಟ್ಟಿಯಾಗಿ ತುದಿ ವಾಲಿರುತ್ತದೆ. ಸನ್‌ಸ್ಕ್ರೀನ್ ಹಿಂಡಿದರೆ ಮೊದಲು ನೀರು, ಆಮೇಲೆ ಉಂಡೆ ಬರುತ್ತದೆ. ಅಂಥ ಸನ್‌ಸ್ಕ್ರೀನ್ ಬಿಸಿಲನ್ನು ತಡೆಯುತ್ತದೆ ಎಂದು ನಂಬುವ ಹಾಗಿಲ್ಲ.

ಶೇಡ್ ನೋಡುವುದು

ಹೆಚ್ಚಿನ ದುಡ್ಡು ಹಾಳಾಗುವುದೇ ಇಲ್ಲಿ. ಕೌಂಟರಿನ ಹುಡುಗಿ ನಿಮ್ಮ ಅಂಗೈ ಹಿಂದೆ ಒಂದು ಗೆರೆ ಎಳೆದು, "ಒಂದು ಶೇಡ್ ಲೈಟ್ ತಗೊಳ್ರಿ ಅಕ್ಕಾ, ಫೋಟೋದಾಗ ಬೆಳ್ಳಗ ಕಾಣ್ತೀರಿ" ಎನ್ನುತ್ತಾಳೆ. ಮದುವೆ ಆಲ್ಬಂಗಳಲ್ಲಿ ಬೂದಿ ಬಳಿದ ಹಾಗೆ ಮುಖ, ಗೋಧಿ ಬಣ್ಣದ ಕುತ್ತಿಗೆ ಕಾಣುವುದು ಈ ಸಲಹೆಯಿಂದಲೇ.

ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಫೌಂಡೇಶನ್ ಅನ್ನು ದವಡೆಯಂಚಿಗೆ, ಕುತ್ತಿಗೆ ಸೇರುವ ಕಡೆ ಹಚ್ಚಿ. ಹತ್ತಿರ ಹತ್ತಿರದ ಮೂರು ಶೇಡ್ ಪಕ್ಕಪಕ್ಕ ಎಳೆಯಿರಿ. ಕನ್ನಡಿ ಹಿಡಿದು ಅಂಗಡಿಯ ಹೊರಗೆ ನೆರಳಿನಲ್ಲಿ ನಿಂತು ನೋಡಿ. ಯಾವ ಗೆರೆ ಕಾಣದೆ ಮಾಯವಾಗುತ್ತದೋ ಅದು ನಿಮ್ಮದು. ಅಲ್ಲಿಗೇ ಮುಗಿಯಲಿಲ್ಲ. ಕೆಲವು ಫೌಂಡೇಶನ್ ಗಾಳಿ ತಗುಲಿದ ಮೇಲೆ ಕಪ್ಪಾಗುತ್ತವೆ, ಕಿತ್ತಳೆ ಛಾಯೆಗೆ ತಿರುಗುತ್ತವೆ. ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಪಕ್ಕದಲ್ಲಿ ಕ್ಲಿಪ್ಪೋ ಬಳೆಯೋ ನೋಡಿಕೊಂಡು ಬನ್ನಿ, ಮತ್ತೆ ಕನ್ನಡಿ ಹಿಡಿಯಿರಿ. ಕೊಳ್ಳುವ ತೀರ್ಮಾನ ಆಮೇಲೆ.

ಲಿಪ್‌ಸ್ಟಿಕ್ ಟೆಸ್ಟರ್ ಅನ್ನು ತುಟಿಗೆ ತಾಗಿಸಬೇಡಿ. ನಿಮಗಿಂತ ಮೊದಲು ಯಾರ್ಯಾರು ತಾಗಿಸಿದ್ದಾರೋ. ಬೆರಳ ತುದಿಗೆ ಹಚ್ಚಿ ನೋಡಿ, ಅಲ್ಲಿನ ಚರ್ಮ ತುಟಿಯ ಬಣ್ಣಕ್ಕೆ ಹೆಚ್ಚುಕಡಿಮೆ ಹೋಲುತ್ತದೆ. ಕಾಡಿಗೆ, ಮಸ್ಕಾರಾದ ಟೆಸ್ಟರ್ ಕಣ್ಣಿನ ಹತ್ತಿರಕ್ಕೂ ತರಬೇಡಿ.

ಬೆಳ್ಳಗಾಗುವ ಕ್ರೀಮ್

ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹೆಸರಿಲ್ಲದ ಪುಟ್ಟ ಡಬ್ಬಿಯಲ್ಲಿ "ಪಾರ್ಲರ್ ನೈಟ್ ಕ್ರೀಮ್" ಅಂತ ಕೊಡುವುದನ್ನು ಯಾರೇ ಕೊಟ್ಟರೂ, ಎಷ್ಟೇ ಪರಿಚಯದವರಾದರೂ ತೆಗೆದುಕೊಳ್ಳಬೇಡಿ. ಒಂದು ವಾರದಲ್ಲಿ ಮುಖ ಹೊಳೆಯಿತು ಎಂದರೆ ಅದರಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಇರುವ ಸಾಧ್ಯತೆ ದೊಡ್ಡದು.

ಸ್ಟಿರಾಯ್ಡ್ ಕ್ರೀಮಿನ ಆಟ ಹೀಗಿರುತ್ತದೆ. ಮೊದಲು ಮುಖ ನುಣುಪಾಗಿ, ತಿಳಿಯಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಉರಿ, ತುರಿಕೆ. ಆದ್ದರಿಂದ ಬಿಡಲೂ ಆಗದು. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲೆ ಕಂಡರೆ ಅದು ಔಷಧ, ಸೌಂದರ್ಯವರ್ಧಕ ಅಲ್ಲ. 2018ರಲ್ಲಿ ಇಂಥ ಹಚ್ಚುವ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟಿರಾಯ್ಡ್ ಬೆರೆಸಿದ ಟ್ಯೂಬನ್ನು ಬಂಗು ಹೋಗಲಿ ಎಂದು ಅಕ್ಕಪಕ್ಕದವರ ಮಾತು ಕೇಳಿ ತರುವವರು ನಮ್ಮಲ್ಲಿ ಬಹಳ.

ಪಾದರಸ ಇನ್ನೂ ಕೆಟ್ಟದ್ದು. ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆಯಿಂದ ಬಂದವರಲ್ಲಿ ಹಲವರು ಬಿಳುಪಿನ ಕ್ರೀಮ್ ಹಚ್ಚುತ್ತಿದ್ದರು ಎಂಬುದನ್ನು ಅಲ್ಲಿನ ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ಅಂಥ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಇದ್ದ ದೋಷ ಒಂದೇ. ತಯಾರಕರ ವಿಳಾಸವೂ ಇಲ್ಲ, ಒಳಗೇನಿದೆ ಎಂಬ ಪಟ್ಟಿಯೂ ಇಲ್ಲ.

ನಮ್ಮೂರ ಬಿಸಿಲಿನಲ್ಲಿ ಮುಖ ಕಪ್ಪಾಗದಿರಲಿ ಎಂಬುದೇ ಆಸೆಯಾದರೆ ಆ ದುಡ್ಡನ್ನು ಸನ್‌ಸ್ಕ್ರೀನ್‌ಗೆ ಹಾಕಿ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲೆ, ಪಿಎ+++ ಗುರುತು ಇರಲಿ. ಮುಖ, ಕುತ್ತಿಗೆಗೆ ಎರಡು ಬೆರಳುದ್ದದಷ್ಟು ಬೇಕು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸ್ಕೂಟಿ ಮೇಲೆ ಓಡಾಡುವವರು ಹೇಗೂ ಸ್ಕಾರ್ಫ್ ಸುತ್ತಿಕೊಳ್ಳುತ್ತೀರಲ್ವಾ, ಅದನ್ನು ಬಿಡಬೇಡಿ.

ಬೊಟ್ಟು, ಕಾಡಿಗೆ, ಮೆಹಂದಿ

ದಿನಾ ಬಳಸುವ ಚಿಲ್ಲರೆ ಸಾಮಾನಿನ ಮೇಲೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಹಣೆ, ಕಣ್ಣು, ಕೈಗೆ ವರ್ಷಗಟ್ಟಲೆ ತಾಗುವುದು ಇವೇ.

ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವರಿಗೆ ಹಣೆಯಲ್ಲಿ ಬೊಟ್ಟಿನ ಆಕಾರದಲ್ಲೇ ಬಿಳಿ ಮಚ್ಚೆ ಬೀಳುತ್ತದೆ. ತುರಿಕೆ ಶುರುವಾದ ಕೂಡಲೇ ಆ ಸ್ಟಿಕ್ಕರ್ ಬಿಡಿ. ಬಿಡಿ ಹಾಳೆಯಲ್ಲಿ ಕೊಡುವುದಕ್ಕಿಂತ ತಯಾರಕರ ಹೆಸರಿರುವ ಪ್ಯಾಕೆಟ್ ವಾಸಿ. ರಾತ್ರಿ ತೆಗೆದು ಅಂಟನ್ನು ಸ್ವಲ್ಪ ಕೊಬ್ಬರಿ ಎಣ್ಣೆಯಿಂದ ಒರೆಸಿ. ಕುಂಕುಮವನ್ನು ಹಳೆಯ ಪದ್ಧತಿಯಲ್ಲಿ ಅರಿಶಿನ, ಸುಣ್ಣದಿಂದ ಮಾಡುತ್ತಾರೆ. ಅದರ ಕೆಂಪು ಸ್ವಲ್ಪ ಮಂಕು. ಕಣ್ಣು ಕುಕ್ಕುವ ಕೆಂಪು, ಗುಲಾಬಿ ಕುಂಕುಮ ಎಂದರೆ ಬಣ್ಣ ಬೆರೆಸಿದ್ದು. ದೇವರ ಮುಂದಿಡಲು ಸರಿ, ದಿನಾ ಹಣೆಗೆ ಬೇಡ.

ಸುರ್ಮಾ ವಿಷಯದಲ್ಲಿ ಹುಷಾರಾಗಿರಿ. ಕಲ್ಲು ಅರೆದು ಮಾಡುವ ಸುರ್ಮಾದಲ್ಲಿ ಸೀಸ ಇರುತ್ತದೆ, ಕೆಲವದರಲ್ಲಿ ಅರ್ಧಕ್ಕೂ ಹೆಚ್ಚು. ಕೌಲ್ ಬಜಾರ್ ಕಡೆ ಹಬ್ಬದ ದಿನಗಳಲ್ಲಿ ಬೆಳ್ಳಿ ಕಡ್ಡಿ ಸಮೇತ ಚೆಂದದ ಸುರ್ಮಾದಾನಿ ಕಂಡರೆ ದಾನಿಯನ್ನು ಕೊಳ್ಳಿ, ಪುಡಿಯನ್ನಲ್ಲ. ಹಸುಗೂಸಿನ ಕಣ್ಣಿಗೆ ಏನನ್ನೂ ಹಚ್ಚಬೇಡಿ. ದೃಷ್ಟಿಬೊಟ್ಟು ಬೇಕೆಂದರೆ ಪಾದಕ್ಕೆ ಇಡಿ ಎಂದು ಅಜ್ಜಿಯನ್ನು ಒಪ್ಪಿಸಿ.

ಮೆಹಂದಿ ಕೋನ್ ಕೊಳ್ಳುವಾಗ ಒಂದೇ ಪ್ರಶ್ನೆ ಸಾಕು. ಎಷ್ಟು ಹೊತ್ತಿಗೆ ಬಣ್ಣ ಬರುತ್ತದೆ? ನಿಜವಾದ ಮದರಂಗಿ ಕೆಲವು ಗಂಟೆ ಕೈಮೇಲಿರಬೇಕು. ತೆಗೆದಾಗ ಕಿತ್ತಳೆ, ಮರುದಿನ, ಅದರ ಮರುದಿನ ಗಾಢ ಕಂದುಗೆಂಪು. "ಹತ್ತು ನಿಮಿಷದಾಗ ಕಪ್ಪಗಾಕ್ಕತಿ" ಎಂದರೆ ಅದರಲ್ಲಿರುವುದು ಸೊಪ್ಪಲ್ಲ. ಕಪ್ಪು ಮೆಹಂದಿಗೆ ಬೆರೆಸುವುದು ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ. ಅದು ಕೆಲವರ ಕೈಯನ್ನು ಸುಟ್ಟಂತೆ ಬೊಬ್ಬೆ ಏಳಿಸುತ್ತದೆ. ತಲೆಗೆ ಹಚ್ಚುವ "ಕಾಲಿ ಮೆಹಂದಿ" ಪ್ಯಾಕೆಟ್ಟಿನಲ್ಲೂ ಇದೇ ಇರುತ್ತದೆ. ಹಾಗಾಗಿ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ. ಒಳ್ಳೆಯ ಪುಡಿ ಬೇಕಿದ್ದರೆ ರಾಜಸ್ಥಾನದ ಸೋಜತ್‌ನದ್ದು ಕೇಳಿ. 2021ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದ್ದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗ್ರಂಥಿಗೆ ಅಂಗಡಿಯಲ್ಲಿ ತರಿಸಿಕೊಡುತ್ತಾರೆ.

ಗ್ರಂಥಿಗೆ ಅಂಗಡಿಗೆ ಹೋದಾಗ ಸೀಗೆಕಾಯಿ, ಅಂಟುವಾಳವನ್ನು ಇಡಿಯಾಗಿ ಕೊಂಡು ನೀವೇ ಗಿರಣಿಗೆ ಹಾಕಿಸಿ. ಪುಡಿಯಲ್ಲಿ ಏನು ಬೆರೆತಿದೆಯೋ ಹೇಳಲಾಗದು. ಕಸ್ತೂರಿ ಅರಿಶಿನ ಎಂದು ಕೊಟ್ಟಿದ್ದು ಅಡುಗೆ ಅರಿಶಿನದಷ್ಟೇ ಗಾಢ ಹಳದಿ ಇದ್ದರೆ ಅದು ಕಸ್ತೂರಿ ಅಲ್ಲ, ಬಣ್ಣ ತಿಳಿಯಾಗಿರಬೇಕು.

ಸೋಪು ಮತ್ತು ಬೋರ್‌ವೆಲ್ ನೀರು

ಬೋರ್ ನೀರು ಗಡಸಾಗಿರುವ ಬಡಾವಣೆಯವರು ಸೋಪಿನ ಹಿಂದೆ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಶೇಕಡಾ ಎಷ್ಟು ನೋಡಿ. 76ಕ್ಕೆ ಮೇಲಿದ್ದರೆ ಗ್ರೇಡ್ 1. ಬಾತಿಂಗ್ ಬಾರ್ ಎಂದು ಬರೆದಿದ್ದರೆ ಅದು ಬೇರೆಯೇ ಜಾತಿ, ಕೊಬ್ಬಿನಂಶ ಕಡಿಮೆ. ಸೀಮಂತ, ಮದುವೆಗೆ ಗಿಫ್ಟ್ ಕೊಡಲು ಕೊಳ್ಳುವವರೂ ಇದನ್ನು ನೋಡುವುದಿಲ್ಲ, ಸುವಾಸನೆ ಮೂಸಿ ಮುಗಿಸುತ್ತಾರೆ. ತಲೆಗೆ ಗಡಸು ನೀರಿನಲ್ಲಿ ಸೋಪಿಗಿಂತ ಶಾಂಪೂ ವಾಸಿ.

ಬೆಲೆ ಮತ್ತು ಬಿಲ್

ಬ್ರ್ಯಾಂಡೆಡ್ ವಸ್ತುವಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಕಿಲ್ಲ. ಎಂಆರ್‌ಪಿ ಮೇಲೆ ಸ್ಟಿಕ್ಕರ್ ಅಂಟಿಸಿ ಬೆಲೆ ಏರಿಸುವ ಹಾಗಿಲ್ಲ. ಇಳಿಸಿದ್ದರೆ ಹಳೆಯ ಬೆಲೆಯೂ ಕಾಣಬೇಕು. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಹೇರ್ ಆಯಿಲ್, ಸೋಪ್, ಟಾಲ್ಕಂ ಮತ್ತು ಫೇಸ್ ಪೌಡರ್ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಲಿಪ್‌ಸ್ಟಿಕ್, ಫೌಂಡೇಶನ್‌ಗೆ ಈ ಇಳಿಕೆ ಇಲ್ಲ. ಕುಂಕುಮ, ಬಿಂದಿಗೆ ತೆರಿಗೆಯೇ ಇಲ್ಲ.

ಚೌಕಾಸಿ ಎಲ್ಲಿ ನಡೆಯುತ್ತದೆ? ಬಳೆ, ಕ್ಲಿಪ್, ಒಡವೆ ಸೆಟ್ ಮೇಲೆ ಧಾರಾಳವಾಗಿ. ಕಂಪನಿ ಮಾಲಿನ ಮೇಲೆ ಐದೋ ಹತ್ತೋ ಪರ್ಸೆಂಟ್, ಅದೂ ನೀವು ಖಾಯಂ ಗಿರಾಕಿಯಾಗಿದ್ದರೆ. ಹೆಸರಾಂತ ಕಂಪನಿಯ ಲಿಪ್‌ಸ್ಟಿಕ್ ಅರ್ಧ ಬೆಲೆಗೆ ಸಿಗುತ್ತಿದೆ ಎಂದರೆ ಖುಷಿಪಡುವ ಮೊದಲು ಅವಧಿ ನೋಡಿ, ಆಮೇಲೆ ಬ್ಯಾಚ್ ನಂಬರ್ ನೋಡಿ. ಹಬ್ಬ ಮುಗಿದ ಮೇಲಿನ ಸೇಲ್‌ನಲ್ಲಿ ಅವಧಿ ಹತ್ತಿರ ಬಂದ ಮಾಲೇ ಜಾಸ್ತಿ. ಬೇಗ ಮುಗಿಯುವ ವಸ್ತುವಾದರೆ ತೆಗೆದುಕೊಳ್ಳಬಹುದು.

ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದೂ, ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ಒಪ್ಪದಿರುವುದೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಹಾಗಂತ ಸೀಲ್ ಒಡೆದು ವಾರ ಬಳಸಿ "ಶೇಡ್ ಇಷ್ಟ ಆಗ್ಲಿಲ್ಲ" ಎಂದರೆ ಅಂಗಡಿಯವರೇನು ಮಾಡಬೇಕು? ಅದು ಅವರ ತಪ್ಪಲ್ಲ. ನಿಜವಾಗಿ ಮೋಸವಾಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಮನೆಗೆ ತಂದ ಮೇಲೆ

ಲಿಪ್‌ಸ್ಟಿಕ್, ಸನ್‌ಸ್ಕ್ರೀನ್ ಇರುವ ಚೀಲವನ್ನು ನಿಲ್ಲಿಸಿದ ಕಾರಿನಲ್ಲೋ ಸ್ಕೂಟಿಯ ಡಿಕ್ಕಿಯಲ್ಲೋ ಬಿಡಬೇಡಿ. ಅಂಗಡಿಯಲ್ಲಿ ಇಷ್ಟೆಲ್ಲ ನೋಡಿ ತಂದದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ. ಬಚ್ಚಲುಮನೆಯ ಕಿಟಕಿಯೂ ಬೇಡ. ಬೀರುವಿನ ಕೆಳಗಿನ ಅರೆ ಸಾಕು. ತೆರೆದ ತಿಂಗಳನ್ನು ಡಬ್ಬಿಯ ತಳದಲ್ಲಿ ಪೆನ್ನಿನಿಂದ ಬರೆದಿಡಿ.

ಹೊಸದು ಯಾವುದೇ ಆಗಲಿ, ಮೊದಲು ಮೊಣಕೈ ಮಡಚುವ ಕಡೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ, ಆಮೇಲೆ ಮುಖಕ್ಕೆ. ಮದುವೆಗೆ ಕೊಂಡಿದ್ದಾದರೆ ಹಿಂದಿನ ದಿನ ಪರೀಕ್ಷೆ ಮಾಡಬೇಡಿ, ಹದಿನೈದು ದಿನ ಮುಂಚೆಯೇ ಮಾಡಿ. ಉರಿ, ಊತ, ಬೊಬ್ಬೆ ಕಂಡರೆ ತಣ್ಣೀರಿನಿಂದ ತೊಳೆದು ನಿಲ್ಲಿಸಿ. ಅರಿಶಿನ, ನಿಂಬೆರಸ ಎಂದು ಮೇಲೆ ಇನ್ನೊಂದು ಹಚ್ಚಬೇಡಿ. ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಊರಲ್ಲೇ ಇದೆ. ಹೋಗುವಾಗ ಆ ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಬಿಲ್ಲನ್ನೂ ಜೊತೆಗೆ ಒಯ್ಯಿರಿ. ಏನು ಹಚ್ಚಿದ್ದಿರಿ ಎಂದು ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ "ಯಾವುದೋ ಬಿಳಿ ಕ್ರೀಮ್" ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ.